ಮರಿಯ ಮೈಗೆ ಟ್ಯೂಬ್ ಹಚ್ಚುವ ಮುಂಚೆ

ಈ ಮಳೆಗಾಲದಲ್ಲಿ ಬಂದ ಪತ್ರಗಳಲ್ಲಿ ಜಾಸ್ತಿ ನಾಯಿಮರಿಗಳ ಚರ್ಮದ ಬಗ್ಗೆಯೇ ಇವೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಇವನ್ನಷ್ಟೇ ತೆಗೆದುಕೊಂಡಿದ್ದೇನೆ. ಹೆಸರು ಬೇಡ ಎಂದು ಹಲವರು ಬರೆದಿದ್ದಾರೆ. ಹಾಗಾಗಿ ಬಡಾವಣೆಯ ಹೆಸರು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳು ಬೀದಿಯಲ್ಲಿ ಸಿಕ್ಕ ಮರಿಯೊಂದನ್ನು ಮನೆಗೆ ಎತ್ತಿಕೊಂಡು ಬಂದಳು. ಕರಿಯ ಅಂತ ಹೆಸರು. ಈಗ ಮೂರೂವರೆ ತಿಂಗಳು. ಎಡಗಣ್ಣಿನ ಸುತ್ತ ಎಂಟಾಣೆ ಅಗಲಕ್ಕೆ ಕೂದಲು ಉದುರಿತು. ಕೆರೆದುಕೊಳ್ಳುವುದಿಲ್ಲ. ಊಟ, ಆಟ ಎಲ್ಲ ಚೆನ್ನಾಗಿದೆ. ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬ್ ಕೊಟ್ಟರು. ಹತ್ತು ದಿನ ಹಚ್ಚಿದೆವು. ಮೊದಲು ಕೆಂಪು ಕಮ್ಮಿಯಾಯಿತು, ಆಮೇಲೆ ತುಟಿಗೂ ಮುಂಗಾಲಿಗೂ ಹರಡಿತು. ಮನೆಯವರು ನಮಗೂ ಅಂಟುತ್ತದೆ ಅಂತ ಮರಿಯನ್ನು ಬಾಲ್ಕನಿಯಲ್ಲಿ ಕಟ್ಟಿದ್ದಾರೆ. ಮಗಳು ಊಟ ಬಿಟ್ಟಿದ್ದಾಳೆ. — ರಾಜಾಜಿನಗರ

ಉತ್ತರ: ಅಮ್ಮ, ಮೊದಲು ಕರಿಯನನ್ನು ಒಳಗೆ ಕರೆದುಕೊಳ್ಳಿ. ಈ ಮಳೆ, ಚಳಿಯಲ್ಲಿ ಬಾಲ್ಕನಿಯಲ್ಲಿ ಇದ್ದರೆ ಅವನಿಗೆ ಇನ್ನೊಂದು ಕಾಯಿಲೆ ಬರುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಹಾಸಿಗೆಗೆ ಹತ್ತಿಸಬೇಡಿ. ತೋರಿಸುವವರೆಗೆ ಇಷ್ಟು ಸಾಕು.

ಇದು ಡೆಮೊಡೆಕ್ಸ್ ಇರಬೇಕು ಎಂದು ನನಗನ್ನಿಸುತ್ತದೆ. ಕೂದಲಿನ ಬುಡದೊಳಗೆ ಇರುವ ಬಹಳ ಸಣ್ಣ ಹುಳ ಅದು, ಉದ್ದ ಸುಮಾರು ಕಾಲು ಮಿಲಿಮೀಟರ್. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪುಟ್ಟ ಕ್ಯಾರೆಟ್ಟಿಗೆ ಎಂಟು ಮೋಟು ಕಾಲು ಇಟ್ಟ ಹಾಗಿರುತ್ತದೆ. ಹುಟ್ಟಿದ ಮೊದಲ ಎರಡು ಮೂರು ದಿನಗಳಲ್ಲಿ, ಹಾಲು ಕುಡಿಯುವಾಗ, ತಾಯಿಯ ಮೈಯಿಂದ ಮರಿಗೆ ಬರುತ್ತದೆ. ಹೆಚ್ಚಿನ ನಾಯಿಗಳಲ್ಲಿ ಸುಮ್ನೆ ಇರುತ್ತದೆ, ತೊಂದರೆ ಮಾಡುವುದಿಲ್ಲ. ಮರಿಯ ಮೈಯ ಶಕ್ತಿ ಇನ್ನೂ ಬಲಿಯದ ಮೂರರಿಂದ ಆರು ತಿಂಗಳ ನಡುವೆ ಕೆಲವದರಲ್ಲಿ ತಲೆ ಎತ್ತುತ್ತದೆ. ಇದು ಮನುಷ್ಯರಿಗೆ ಅಂಟುವುದಿಲ್ಲ. ಒಂದೆರಡು ಕಡೆ ಮಾತ್ರ ಇದ್ದರೆ ಬಹುಪಾಲು ಮರಿಗಳಲ್ಲಿ ಆರೆಂಟು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ.

ಕರಿಯನದ್ದೂ ಹಾಗೇ ಹೋಗುತ್ತಿತ್ತೇನೋ. ನಡುವೆ ಆ ಟ್ಯೂಬ್ ಬಂತು. ನನ್ನ ಕ್ಲಿನಿಕ್ಕಿಗೆ ಬರುವ ಮರಿಗಳಲ್ಲಿ ಎಷ್ಟೋ ಮರಿಗಳು ಇಂಥದ್ದೇ ಟ್ಯೂಬ್ ಹಚ್ಚಿಸಿಕೊಂಡೇ ಬಂದಿರುತ್ತವೆ. ಅದರ ಹಿಂಬದಿ ಸಣ್ಣ ಅಕ್ಷರ ಓದಿ ನೋಡಿ. ಕ್ಲೊಬೆಟಸಾಲ್ ಅಥವಾ ಬೆಟಾಮೆಥಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಜೊತೆಗೆ ಫಂಗಸ್ಸಿಗೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು ಸೇರಿಸಿರುತ್ತಾರೆ. ಸ್ಟಿರಾಯ್ಡ್ ಕೆಂಪನ್ನು ಇಳಿಸುತ್ತದೆ, ಅದಕ್ಕೇ ಮೊದಲ ನಾಲ್ಕು ದಿನ ವಾಸಿಯಾದ ಹಾಗೆ ಕಾಣುತ್ತದೆ. ಆದರೆ ಹುಳವನ್ನು ಹದ್ದುಬಸ್ತಿನಲ್ಲಿ ಇಟ್ಟಿರುವ ಮೈಯ ಶಕ್ತಿಯನ್ನೂ ಅದೇ ಕುಗ್ಗಿಸುತ್ತದೆ. ಮರಿ ಅದನ್ನು ನೆಕ್ಕುತ್ತದೆ, ಹೊಟ್ಟೆಗೂ ಹೋಗುತ್ತದೆ. ಇವತ್ತೇ ನಿಲ್ಲಿಸಿ. ಖಾಲಿ ಟ್ಯೂಬನ್ನು ಬಿಸಾಡದೆ ಡಾಕ್ಟರಿಗೆ ತೋರಿಸಿ.

ನಾಳೆಯೇ ಹತ್ತಿರದ ಪಶುವೈದ್ಯರ ಹತ್ತಿರ ಹೋಗಿ "ಚರ್ಮ ಕೆರೆದು ನೋಡಿ" ಎಂದು ಬಾಯಿಬಿಟ್ಟು ಕೇಳಿ. ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆಗೂ ಹೋಗಬಹುದು. ಚರ್ಮವನ್ನು ಬೆರಳಲ್ಲಿ ಹಿಂಡಿ, ಸಣ್ಣಗೆ ರಕ್ತ ಜಿನುಗುವವರೆಗೆ ಬ್ಲೇಡಿನಿಂದ ಕೆರೆದು, ಗಾಜಿನ ಮೇಲೆ ಒಂದು ಹನಿ ಎಣ್ಣೆಯಲ್ಲಿಟ್ಟು ನೋಡುತ್ತಾರೆ. ಹತ್ತು ನಿಮಿಷದ ಕೆಲಸ. ಇದನ್ನು ಮಾಡಲೇಬೇಕು, ಯಾಕೆಂದರೆ ತುರಿಕೆಯಿಲ್ಲದೆ ಕೂದಲು ಉದುರುವ ಇನ್ನೊಂದು ಕಾಯಿಲೆ ಹುಳುಕಡ್ಡಿ. ಹೆಸರಿನಲ್ಲಿ ಹುಳು ಇದ್ದರೂ ಅದು ಫಂಗಸ್. ಅದು ಮಕ್ಕಳಿಗೆ ಬೇಗ ಅಂಟುತ್ತದೆ. ನೋಡಿದವರಿಗೆ ಎರಡೂ ಒಂದೇ ಥರ ಕಾಣಬಹುದು, ಔಷಧಿ ಮಾತ್ರ ಪೂರ್ತಿ ಬೇರೆ.

ಹುಳ ಮೈ ತುಂಬ ಹರಡಿದ್ದರೆ ಈಗ ಒಳ್ಳೆಯ ಮಾತ್ರೆಗಳಿವೆ. ವಯಸ್ಸು, ತೂಕ ನೋಡಿ ಕೊಡುತ್ತಾರೆ. ದನಕ್ಕೆ ಹಾಕುವ ಐವರ್‌ಮೆಕ್ಟಿನ್ ಇಂಜೆಕ್ಷನ್ ತಂದು ಯಾರೋ ಹಾಕಿಕೊಡುತ್ತೇನೆ ಎಂದರೆ ಒಪ್ಪಬೇಡಿ. ತೀರಾ ಎಳೆಯ ಮರಿಗಳಿಗೆ ಅದು ಅಪಾಯ. ಕೋಲಿ ಜಾತಿಯ ಎಷ್ಟೋ ನಾಯಿಗಳಲ್ಲಿ ಅದು ಮಿದುಳಿಗೇ ಏರುತ್ತದೆ. ಮಗಳಿಗೆ ಊಟ ಮಾಡಲು ಹೇಳಿ. ಕರಿಯನ ಕೂದಲು ಬರುತ್ತದೆ ಎಂಬ ನಂಬಿಕೆ ನನಗಿದೆ.

ಪ್ರಶ್ನೆ: ನಮ್ಮ ಬೀದಿಯ ನಾಯಿ ಕಾರ್ ಶೆಡ್ಡಿನಲ್ಲಿ ಐದು ಮರಿ ಹಾಕಿದೆ. ಏಳು ವಾರವಾಯಿತು. ಎಲ್ಲದರ ಹೊಟ್ಟೆಯ ಮೇಲೂ, ತೊಡೆಸಂದಿನಲ್ಲೂ ಸಣ್ಣ ಕೀವಿನ ಬೊಕ್ಕೆ. ನೆರೆಯವರು ಇವನ್ನು ಎಲ್ಲಾದರೂ ಬಿಟ್ಟು ಬನ್ನಿ ಅನ್ನುತ್ತಿದ್ದಾರೆ. — ಬನಶಂಕರಿ

ಉತ್ತರ: ದಯವಿಟ್ಟು ಬಿಟ್ಟು ಬರಬೇಡಿ. ಇದು ಎಳೆ ಚರ್ಮಕ್ಕೆ ಬ್ಯಾಕ್ಟೀರಿಯಾ ತಗಲಿ ಆಗುವ ಬೊಕ್ಕೆ. ಸಾಮಾನ್ಯವಾಗಿ ಬೇಗ ವಾಸಿಯಾಗುತ್ತದೆ. ಮರಿಗಳು ಯಾವುದರ ಮೇಲೆ ಮಲಗುತ್ತವೆ ನೋಡಿ. ಒದ್ದೆ ಗೋಣಿಚೀಲ ಇದ್ದರೆ ತೆಗೆದುಬಿಡಿ. ಹಳೆ ಕಾಟನ್ ಸೀರೆ ಮಡಿಸಿ ಹಾಕಿ, ಉಚ್ಚೆ ಮಾಡಿದಾಗಲೆಲ್ಲ ಬದಲಿಸಿ. ನೆಲಕ್ಕೆ ಫಿನಾಯಿಲ್ ಹಾಕಿದರೆ ಚೆನ್ನಾಗಿ ನೀರು ಹೊಯ್ದು, ಒಣಗಿದ ಮೇಲೆ ಮರಿಗಳನ್ನು ಬಿಡಿ. ಬೊಕ್ಕೆ ಒತ್ತಬೇಡಿ. ಕ್ಲೋರ್‌ಹೆಕ್ಸಿಡಿನ್ ದ್ರಾವಣಕ್ಕೆ ಡಾಕ್ಟರ್ ಹೇಳಿದಷ್ಟು ನೀರು ಬೆರೆಸಿ ಹತ್ತಿಯಲ್ಲಿ ಒರೆಸಿ. ಜಂತುಹುಳದ ಔಷಧಿ ಹಾಕಿಸಿ. ಎರಡು ವಾರ ತುಂಬಿದಾಗಿನಿಂದಲೇ, ಎರಡು ವಾರಕ್ಕೊಮ್ಮೆ ಹಾಕಬೇಕಾದ್ದು ಅದು. ಹೊಟ್ಟೆಯಲ್ಲಿ ಹುಳ ತುಂಬಿದ ಮರಿಯ ಚರ್ಮ ಸುಧಾರಿಸುವುದು ಕಷ್ಟ.

ಒಂದು ಮಾತ್ರ ಗಮನಿಸಿ. ಬೊಕ್ಕೆಯ ಜೊತೆ ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ, ಜ್ವರ, ಕೆಮ್ಮು ಇದ್ದರೆ ಡಿಸ್ಟೆಂಪರ್ ಎಂಬ, ಜೀವಕ್ಕೇ ಅಪಾಯವಾದ ವೈರಸ್ ಕಾಯಿಲೆ ಇರಬಹುದು. ಆಗ ಒಂದು ದಿನವೂ ಕಾಯಬೇಡಿ. ಮರಿಗಳು ಚೆನ್ನಾಗಿದ್ದರೆ ಈ ವಯಸ್ಸಿಗೆ ಮೊದಲ ಲಸಿಕೆ ಹಾಕಿಸಬಹುದು.

ಪ್ರಶ್ನೆ: ಎರಡೂವರೆ ತಿಂಗಳ ಲ್ಯಾಬ್ ಮರಿ ರಾತ್ರಿಯೆಲ್ಲ ಕೆರೆದುಕೊಳ್ಳುತ್ತದೆ. ಕಿವಿಯ ಅಂಚು, ಮೊಣಕೈ ಒರಟಾಗಿ ಹೊಟ್ಟು ಏಳುತ್ತಿದೆ. ಈಗ ನನ್ನ ಅತ್ತೆಯವರ ಕೈ ಮೇಲೆ, ಸೊಂಟದ ಹತ್ತಿರ ತುರಿಸುವ ಗುಳ್ಳೆ ಎದ್ದಿವೆ. ಊರಿನಿಂದ ಬಂದ ಮಾವನವರು ಗಾಡಿಯ ಸುಟ್ಟ ಆಯಿಲ್ ಹಚ್ಚಿದರೆ ಒಂದೇ ದಿನದಲ್ಲಿ ಹೋಗುತ್ತದೆ ಅನ್ನುತ್ತಾರೆ. ಹಚ್ಚಬಹುದಾ? — ವಿಜಯನಗರ

ಉತ್ತರ: ಬೇಡ. ಖಂಡಿತ ಬೇಡ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಮಾಗಡಿಯ ನಮ್ಮ ಮನೆಯಲ್ಲಿ ಬಿಳಿಯ ಎಂಬ ಮರಿ ಇತ್ತು. ಅದಕ್ಕೂ ಹೀಗೇ ಕಜ್ಜಿ ಆಯಿತು. ಯಾರೋ ಹೇಳಿದರು ಅಂತ ಮನೆಯವರು ಲಾರಿಯ ಸುಟ್ಟ ಆಯಿಲ್ ತಂದು ಮೈಗೆಲ್ಲ ಬಳಿದರು. ನಾನೇ ಅದರ ಕಾಲು ಹಿಡಿದುಕೊಂಡಿದ್ದೆ. ಸಂಜೆಯವರೆಗೂ ಅದು ನೆಕ್ಕಿತು. ರಾತ್ರಿ ವಾಂತಿ, ಮಾರನೆಯ ದಿನ ನಡುಕ, ಮೂರನೆಯ ದಿನ ಬಿಳಿಯ ಇರಲಿಲ್ಲ. ಪ್ರೀತಿಯಿಂದಲೇ ಹಚ್ಚಿದ್ದರು, ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ ಎಂದೇ ಬರೆಯುತ್ತಿದ್ದೇನೆ. ಸೀಮೆಎಣ್ಣೆ, ಫಿನಾಯಿಲ್ ಕೂಡ ಹಾಗೇ. ಚರ್ಮ ಸುಡುತ್ತವೆ, ನೆಕ್ಕಿದರೆ ವಿಷ.

ನಿಮ್ಮ ಮರಿಯದ್ದು ಸಾರ್ಕಾಪ್ಟಿಸ್ ಹುಳದ ಕಜ್ಜಿ ಎನಿಸುತ್ತದೆ. ಮರಿಯ ಕಿವಿಯ ಅಂಚನ್ನು ಬೆರಳಲ್ಲಿ ಮೆಲ್ಲಗೆ ಉಜ್ಜಿ ನೋಡಿ. ಹಿಂಗಾಲು ತಾನಾಗಿ ಕೆರೆಯುವ ಹಾಗೆ ಆಡಿದರೆ ಅನುಮಾನ ಇನ್ನೂ ಗಟ್ಟಿ. ಈ ಹುಳ ಚರ್ಮದ ಮೇಲ್ಪದರದಲ್ಲಿ ಸುರಂಗ ತೋಡಿ ಮೊಟ್ಟೆ ಇಡುತ್ತದೆ. ಕೆರೆದು ನೋಡಿದಾಗ ಎಷ್ಟೋ ಸಲ ಸಿಗುವುದೇ ಇಲ್ಲ. ಸಿಗಲಿಲ್ಲ ಅಂದರೂ ಲಕ್ಷಣ ನೋಡಿ ಡಾಕ್ಟರ್ ಔಷಧಿ ಶುರು ಮಾಡಿದರೆ ಅದು ಸರಿಯಾದ ದಾರಿಯೇ. ಮೊಟ್ಟೆಯಿಂದ ಹುಳ ಬೆಳೆಯಲು ಸುಮಾರು ಮೂರು ವಾರ ಬೇಕು. ಅದಕ್ಕೇ ತುರಿಕೆ ನಿಂತಿತು ಅಂತ ಔಷಧಿ ನಿಲ್ಲಿಸಬಾರದು. ಮನೆಯಲ್ಲಿ ಬೇರೆ ನಾಯಿ ಇದ್ದರೆ ಅದಕ್ಕೂ ಕೊಡಿಸಬೇಕು.

ಅತ್ತೆಯವರು ಗಾಬರಿಯಾಗುವುದು ಬೇಡ. ನಾಯಿಯ ಈ ಹುಳ ಮನುಷ್ಯರ ಮೈಯಲ್ಲಿ ಸಂತಾನ ಬೆಳೆಸಲಾರದು. ಮರಿ ವಾಸಿಯಾದ ಮೇಲೆ ಗುಳ್ಳೆಗಳೂ ಹೋಗುತ್ತವೆ. ಆದರೂ ಚರ್ಮದ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಮರಿಗೆ ಕಜ್ಜಿ ಇದೆ ಎಂದು ಹೇಳಲು ಮರೆಯಬೇಡಿ. ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.

ಪ್ರಶ್ನೆ: ಡಾಕ್ಟರ್ ಆಂಟಿ, ನಾನು ಏಳನೇ ಕ್ಲಾಸು. ನನ್ನ ಚಿನ್ನುಗೆ ದಿನಾ ನಮ್ಮ ಸೋಪಿನಲ್ಲಿ ಸ್ನಾನ ಮಾಡಿಸುತ್ತೇನೆ. ಆದರೂ ಮೈಯೆಲ್ಲ ಬಿಳಿ ಹೊಟ್ಟು. ಯಾಕೆ? — ಮಲ್ಲೇಶ್ವರ

ಉತ್ತರ: ಪುಟ್ಟ, ದಿನಾ ಸ್ನಾನ ಮಾಡಿಸುವುದರಿಂದಲೇ ಇರಬಹುದು. ನಮ್ಮ ಸೋಪು ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ, ಅದರ ಎಣ್ಣೆಯ ಅಂಶವನ್ನೆಲ್ಲ ತೆಗೆದುಬಿಡುತ್ತದೆ. ಗಲೀಜಾದಾಗ ಮಾತ್ರ, ಮರಿಗಳ ಶಾಂಪೂ ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ಮಾಡಿಸು. ಆಮೇಲೆ ಟವೆಲಿನಲ್ಲಿ ಪೂರ್ತಿ ಒರೆಸು. ದಿನಾ ಬಾಚಣಿಗೆಯಲ್ಲಿ ಬಾಚುತ್ತಾ ಉಣ್ಣೆ, ಚಿಗಟ ಇದೆಯಾ ನೋಡು. ಬಾಚಿದಾಗ ಬಿದ್ದ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕು. ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಮ್ಮನಿಗೆ ಹೇಳು. ಬೆಕ್ಕಿದ್ದರೆ ಚಿನ್ನುವಿನ ಚಿಗಟದ ಔಷಧಿಯನ್ನು ಅದಕ್ಕೆ ತಾಗಿಸಬೇಡ. ನಾಯಿಗಳಿಗೆ ಹಾಕುವ ಕೆಲವು ಔಷಧಿಗಳು ಬೆಕ್ಕಿನ ಜೀವ ತೆಗೆಯುತ್ತವೆ.

ಪ್ರಶ್ನೆ: ಹನ್ನೊಂದು ವಾರದ ಗೋಲ್ಡನ್ ರಿಟ್ರೀವರ್ ಮರಿ. ಎರಡು ದಿನದಿಂದ ತುಟಿ, ಕಣ್ಣಿನ ರೆಪ್ಪೆ ಊದಿವೆ, ದವಡೆಯ ಕೆಳಗೆ ಗಡ್ಡೆ, ಕಿವಿಯಲ್ಲಿ ಕೀವು. ತಿನ್ನುತ್ತಿಲ್ಲ. ಜೇನು ಕಚ್ಚಿರಬಹುದಾ? — ಯಲಹಂಕ

ಉತ್ತರ: ಈ ಪತ್ರಕ್ಕೆ ಉತ್ತರ ಅಚ್ಚಾಗುವವರೆಗೆ ಕಾಯುವ ಹಾಗಿರಲಿಲ್ಲ. ಓದಿದ ದಿನವೇ ಫೋನ್ ಮಾಡಿ, ಈಗಲೇ ಆಸ್ಪತ್ರೆಗೆ ಹೊರಡಿ ಎಂದೆ. ಬೇರೆಯವರಿಗೂ ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಮೂರು ವಾರದಿಂದ ನಾಲ್ಕು ತಿಂಗಳ ಒಳಗಿನ ಮರಿಗಳಲ್ಲಿ ಮುಖ ಹೀಗೆ ಊದಿ, ಗ್ರಂಥಿಗಳು ಕಟ್ಟಿ ಕೀವು ಸೋರುವುದಕ್ಕೆ ಮರಿಗಳ ಸೆಲ್ಯುಲೈಟಿಸ್ ಎನ್ನುತ್ತಾರೆ. ಮೈಯ ರಕ್ಷಣಾ ಶಕ್ತಿಯೇ ತಿರುಗಿಬಿದ್ದು ಆಗುವ ತೊಂದರೆ ಅದು. ಬರೀ ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ಇದಕ್ಕೆ ಸ್ಟಿರಾಯ್ಡೇ ಬೇಕು, ಅದೂ ಹೆಚ್ಚು ಪ್ರಮಾಣದಲ್ಲಿ, ವಾರಗಟ್ಟಲೆ. ಕರಿಯನಿಗೆ ಕೆಡುಕು ಮಾಡಿದ ಔಷಧಿಯೇ ಈ ಮರಿಯ ಜೀವ ಉಳಿಸುತ್ತದೆ. ಅದಕ್ಕೇ ಮೊದಲು ಚರ್ಮ ಕೆರೆದು, ಡೆಮೊಡೆಕ್ಸ್ ಇಲ್ಲ ಎಂದು ನೋಡಿಕೊಂಡೇ ಶುರು ಮಾಡಿದರು.

ಮೊನ್ನೆ ಮನೆಯವರು ಫೋನ್ ಮಾಡಿದ್ದರು. ಊತ ಇಳಿದಿದೆ, ಅನ್ನ ಮೊಟ್ಟೆ ತಿಂದಿದೆಯಂತೆ. ನನಗೆ ಎಷ್ಟು ಸಮಾಧಾನವಾಯಿತು ಹೇಳಲಾರೆ. ಮೂಗಿನ ಪಕ್ಕ ಒಂದೆರಡು ಕಡೆ ಗಾಯದ ಕಲೆ ಉಳಿದು ಕೂದಲು ಬಾರದೇ ಹೋಗಬಹುದು. ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ, ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಿ. ಮುಂದಿನ ಲಸಿಕೆ ಯಾವಾಗ ಎಂದು ಅಲ್ಲಿಯ ಡಾಕ್ಟರನ್ನೇ ಕೇಳಿ. ವಾರಕ್ಕೊಮ್ಮೆ ಅದರ ತೂಕ ಹಾಕಿಸಿ ನನಗೂ ತಿಳಿಸಿ.