ಆಲೂರಿನ ಗೆಳೆಯರ ಒಲಿವೆಟ್ಟಿ ಬಗ್ಗೆ: ಮೊದಲು ಟೈಪ್ ಮಾಡಿ ನೋಡಿ

ನಮಸ್ಕಾರ. ಆಲೂರು ಕಡೆಯ ಗೆಳೆಯರಿಗೆ ತಾತನ ತೋಟದ ಮನೆಯ ಅಟ್ಟದಲ್ಲಿ ಜಿಪ್ ಇರುವ ನೀಲಿ ಚೀಲದೊಳಗೆ ಒಲಿವೆಟ್ಟಿ ಲೆಟೆರಾ 32 ಟೈಪ್‌ರೈಟರ್ ಸಿಕ್ಕಿದೆಯಂತೆ. ಕ್ಯಾರೇಜ್ (ಕಾಗದ ಹಿಡಿದು ಪಕ್ಕಕ್ಕೆ ಜರುಗುವ ಮೇಲಿನ ಭಾಗ) ಜರುಗುತ್ತಿಲ್ಲ, ಅರ್ಧ ಕೀಗಳು ಒತ್ತಿದರೆ ವಾಪಸ್ ಬರುತ್ತಿಲ್ಲ. ರಿಪೇರಿ ಆಗುತ್ತಾ, ಇಂಕಿನ ರಿಬ್ಬನ್ ಸಿಗುತ್ತಾ, ಇಲ್ಲಾ ಪಾಲಿಶ್ ಹಾಕಿ ಶೋಕೇಸಿನಲ್ಲಿ ಇಟ್ಟುಬಿಡಲಾ ಅಂತ ಕೇಳಿದ್ದಾರೆ. ಕೆಳಗೆ ಒಬ್ಬರು ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ ಅಂದಿದ್ದಾರೆ. ಇನ್ನೊಬ್ಬರು ಕನ್ನಡ ಪೋರ್ಟಬಲ್, ಅಂದರೆ ಜೊತೆಗೆ ಒಯ್ಯುವ ಸಣ್ಣ ಟೈಪ್‌ರೈಟರ್, ಇದೆಯಾ ಅಂತ ಕೇಳಿದ್ದಾರೆ. ಸ್ವಲ್ಪ ಉದ್ದವಾಗುತ್ತದೆ, ಎಲ್ಲದಕ್ಕೂ ಒಟ್ಟಿಗೇ ಬರೆಯುತ್ತೇನೆ.

ಶೋಕೇಸಿನಲ್ಲಿ ಇಡಬೇಡಿ. ನಾನಿರುವುದು ಚಿಕ್ಕಮಗಳೂರಿನಲ್ಲಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ. ಮುಟ್ಟದೆ ಇಟ್ಟ ಟೈಪ್‌ರೈಟರ್ ಒಂದೆರಡು ಮಳೆಗಾಲದಲ್ಲಿ ಬಿಗಿದುಕೊಳ್ಳುತ್ತದೆ. ವಾರಕ್ಕೆ ಒಂದು ಪುಟವಾದರೂ ಹೊಡೆಯುವ ಯಂತ್ರ ಹಾಗಾಗುವುದಿಲ್ಲ. ಅಕ್ಷರದ ಕಡ್ಡಿಗಳು ಆಡುತ್ತಿದ್ದರೆ ಸಂದಿಯಲ್ಲಿ ಜಿಡ್ಡು ಗಟ್ಟಿಯಾಗುವುದಿಲ್ಲ. ಎಲ್ಲಾದರೂ ತುಕ್ಕು ಹಿಡಿಯಲು ಶುರುವಾದರೆ ನಿಮ್ಮ ಬೆರಳಿಗೇ ಮೊದಲು ಗೊತ್ತಾಗುತ್ತದೆ. ಉಪಯೋಗಿಸುವುದೇ ಇದಕ್ಕೆ ದೊಡ್ಡ ಆರೈಕೆ. ಈ ಹವ್ಯಾಸದಲ್ಲಿ ನಾನು ಗಟ್ಟಿಯಾಗಿ ನಂಬುವ ಮಾತು ಇದೊಂದೇ.

ನಿಮಗೆ ಸಿಕ್ಕಿರುವುದು ಒಳ್ಳೆಯ ಯಂತ್ರ. ಲೆಟೆರಾ 32 ಬಂದದ್ದು 1963ರಲ್ಲಿ. ಅದಕ್ಕೆ ಮೊದಲು 1950ರಲ್ಲಿ ಲೆಟೆರಾ 22 ಬಂದಿತ್ತು. ಎರಡರ ವಿನ್ಯಾಸವೂ ಇಟಲಿಯ ಮಾರ್ಚೆಲ್ಲೊ ನಿಝೋಲಿ ಅವರದು. 22ಕ್ಕೆ 1954ರಲ್ಲಿ ಇಟಲಿಯ ಕಂಪಾಸೊ ದೋರೊ ವಿನ್ಯಾಸ ಪ್ರಶಸ್ತಿ ಬಂತು. ಅದರ ತೂಕ ಸುಮಾರು 4 ಕಿಲೋ ಅಷ್ಟೇ. ಆಫೀಸಿನ ದೊಡ್ಡ ಯಂತ್ರಗಳನ್ನು ಎತ್ತಿ ನೋಡಿದವರಿಗೆ ಇದು ಎಂಥ ಹಗುರ ಅಂತ ಗೊತ್ತಾಗುತ್ತದೆ.

ಅಮೆರಿಕದ ಲೇಖಕ ಕಾರ್ಮ್ಯಾಕ್ ಮೆಕಾರ್ಥಿ ಇದೇ ಲೆಟೆರಾ 32ರಲ್ಲಿ ಸುಮಾರು ಐವತ್ತು ವರ್ಷ ಬರೆದರು. ಅವರು ಮಾಡುತ್ತಿದ್ದ ಸರ್ವಿಸ್ ಅಂದರೆ ಪೆಟ್ರೋಲ್ ಬಂಕಿನ ಗಾಳಿ ಪೈಪಿನಿಂದ ಧೂಳು ಹಾರಿಸುವುದು, ಅಷ್ಟೇ. 2009ರಲ್ಲಿ ಅದು ಹರಾಜಿನಲ್ಲಿ 2,54,500 ಡಾಲರಿಗೆ ಹೋಯಿತು. ಆ ದುಡ್ಡನ್ನು ಅವರು ಒಂದು ಸಂಶೋಧನಾ ಸಂಸ್ಥೆಗೆ ಕೊಟ್ಟರು. ಬದಲಿಗೆ ಗೆಳೆಯರೊಬ್ಬರು ಇಪ್ಪತ್ತು ಡಾಲರಿಗೂ ಕಮ್ಮಿಗೆ ಇನ್ನೊಂದು ಲೆಟೆರಾ 32 ತಂದುಕೊಟ್ಟರು. ಅದರಲ್ಲೇ ಬರೆಯುವುದನ್ನು ಮುಂದುವರಿಸಿದರು. ಹಳೆಯ ಪೋರ್ಟಬಲ್ ಎಷ್ಟು ದುಡಿಯುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

ಈಗ ಕೆಲಸಕ್ಕೆ ಬರೋಣ. ಕ್ಯಾರೇಜ್ ಜರುಗದಿದ್ದರೆ ಕೆಟ್ಟಿದೆ ಅಂತ ತೀರ್ಮಾನಕ್ಕೆ ಬರಬೇಡಿ. ಬಹಳಷ್ಟು ಪೋರ್ಟಬಲ್‌ಗಳಲ್ಲಿ ಪ್ರಯಾಣದಲ್ಲಿ ಅಲ್ಲಾಡದಂತೆ ಕ್ಯಾರೇಜಿಗೆ ಒಂದು ಲಾಕ್ ಇರುತ್ತದೆ. ಚೀಲಕ್ಕೆ ಹಾಕುವಾಗ ತಾತ ಅದನ್ನು ಹಾಕಿರಬಹುದು. ಎರಡು ತುದಿಗಳ ಸಣ್ಣ ಲಿವರ್‌ಗಳನ್ನು ಒಂದೊಂದಾಗಿ ಮೆಲ್ಲಗೆ ಆಡಿಸಿ ನೋಡಿ. ಎಲ್ಲೂ ಬಲ ಹಾಕಬೇಡಿ. ಲಾಕ್ ಇಲ್ಲದೆಯೂ ಕ್ಯಾರೇಜ್ ಎಡಕ್ಕೆ ಹೋಗುತ್ತಿಲ್ಲ, ಆದರೆ ಕ್ಯಾರೇಜ್ ಬಿಡಿಸುವ ಲಿವರ್ ಒತ್ತಿ ಕೈಯಲ್ಲಿ ತಳ್ಳಿದರೆ ಸಲೀಸಾಗಿ ಎರಡೂ ಕಡೆ ಓಡುತ್ತದೆ ಅಂದರೆ ಹೆಚ್ಚಾಗಿ ಅದನ್ನು ಎಳೆಯುವ ದಾರ ತುಂಡಾಗಿರುತ್ತದೆ. ಒಳಗೆ ಒಂದು ಡಬ್ಬಿಯಲ್ಲಿ ಸುರುಳಿ ಸ್ಪ್ರಿಂಗ್ ಇದೆ. ಅದಕ್ಕೂ ಕ್ಯಾರೇಜಿಗೂ ನಡುವೆ ಒಂದು ದಾರ ಅಥವಾ ಪಟ್ಟಿ ಇರುತ್ತದೆ. ಗಟ್ಟಿಯಾದ ಮೀನಿನ ಗಾಳದ ದಾರ ಕಟ್ಟಿದರೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಸ್ಪ್ರಿಂಗ್ ಸುತ್ತುವಾಗ ಕೈ ಜಾರಿದರೆ ಅದು ರಪ್ಪನೆ ಬಿಚ್ಚಿಕೊಳ್ಳುತ್ತದೆ. ಅಭ್ಯಾಸ ಇಲ್ಲದಿದ್ದರೆ ಈ ಒಂದು ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ.

ಕೀಗಳು ವಾಪಸ್ ಬಾರದಿರುವುದಕ್ಕೆ ಕಾರಣ ಹೆಚ್ಚಾಗಿ ತುಕ್ಕಲ್ಲ, ಒಣಗಿದ ಎಣ್ಣೆ. ಮೇಲಿನ ಮುಚ್ಚಳ ತೆಗೆದರೆ ಅಚ್ಚಿನ ಕಡ್ಡಿಗಳು ಅರ್ಧ ಚಂದ್ರಾಕಾರದಲ್ಲಿ ಮಲಗಿರುತ್ತವೆ. ಅವುಗಳ ಬುಡ ಒಂದು ಲೋಹದ ತುಂಡಿನ ಸಣ್ಣ ಹಲ್ಲುಸಂದಿಗಳಲ್ಲಿ ಕೂತಿರುತ್ತದೆ. ಆ ಸಂದಿಗಳೇ ರೋಗದ ಮೂಲ. ಬಹಳ ಹಿಂದೆ ಯಾರೋ ಎಣ್ಣೆ ಬಿಟ್ಟಿರುತ್ತಾರೆ, ಅದಕ್ಕೆ ಧೂಳು ಕೂತು ಅಂಟಾಗಿರುತ್ತದೆ.

ಪೇಂಟ್ ಅಂಗಡಿಯಲ್ಲಿ ಟರ್ಪೆಂಟೈನ್ ಸಿಗುತ್ತದೆ. ಥಿನ್ನರ್ ಬೇಡವೇ ಬೇಡ, ಅದು ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಯಂತ್ರವನ್ನು ಜಗಲಿಯಲ್ಲಿ, ಗಾಳಿಯಾಡುವ ಕಡೆ, ಒಲೆ ದೀಪ ಹತ್ತಿರ ಇಲ್ಲದ ಜಾಗದಲ್ಲಿ ಇಡಿ. ಕೆಳಗೆ ಹಳೆ ಪೇಪರ್ ಹಾಸಿ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸ್ವಲ್ಪವೇ ಟರ್ಪೆಂಟೈನ್ ಅದ್ದಿ ಆ ಸಂದಿಗಳನ್ನು ತಿಕ್ಕಿ. ಆಮೇಲೆ ಸಿಕ್ಕಿಕೊಂಡ ಕೀಯನ್ನು ಒತ್ತಿ, ಕಡ್ಡಿಯನ್ನು ಕೈಯಲ್ಲೇ ಕೆಳಗೆ ಬಿಡಿ, ಮತ್ತೆ ಒತ್ತಿ. ಮೊದಲಿಗೆ ಕಡ್ಡಿ ಸೋಮಾರಿಯಾಗಿ ಇಳಿಯುತ್ತದೆ. ತಿಕ್ಕುತ್ತಾ ಹೋದಂತೆ ಒಂದು ಹೊತ್ತಿನಲ್ಲಿ ಠಕ್ಕನೆ ತಾನೇ ಬಿದ್ದುಬಿಡುತ್ತದೆ. ಆ ಕಡ್ಡಿ ಆಯಿತು, ಪಕ್ಕದ್ದಕ್ಕೆ ಹೋಗಿ. ಮಾರನೆಯ ದಿನ ಮತ್ತೆ ಬಿಗಿದಿದ್ದರೆ ಬೇಸರ ಬೇಡ, ಇನ್ನೊಂದು ಸುತ್ತು ತಿಕ್ಕಿ. ಜಿಡ್ಡು ಒಂದೇ ದಿನಕ್ಕೆ ಬಿಡುವುದು ಅಪರೂಪ. ಟರ್ಪೆಂಟೈನ್ ಕಾಗದ ಸುತ್ತುವ ರಬ್ಬರ್ ರೋಲರಿಗೆ ತಾಗದಂತೆ ಒಂದು ಬಟ್ಟೆ ಮುಚ್ಚಿಕೊಳ್ಳಿ.

ಸಂದಿಗಳು ಶುದ್ಧವಾದ ಮೇಲೆ ಅಲ್ಲಿಗೆ ಎಣ್ಣೆ ಹಾಕಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಅದು ಒಣಗಿಯೇ ಕೆಲಸ ಮಾಡಬೇಕಾದ ಜಾಗ. ಸ್ಪ್ರೇ ಹೊಡೆಯಿರಿ ಎಂದವರಿಗೂ ಇದೇ ಉತ್ತರ. ಸ್ಪ್ರೇ ಹೊಡೆದ ದಿನ ಕೀಗಳು ಬೆಣ್ಣೆಯ ಹಾಗೆ ಓಡುತ್ತವೆ, ಕೆಲವು ತಿಂಗಳಲ್ಲಿ ಮೊದಲಿಗಿಂತ ಜಾಸ್ತಿ ಬಿಗಿಯುತ್ತವೆ. ಕ್ಯಾರೇಜ್ ಓಡುವ ಹಳಿಗೆ ಮಾತ್ರ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ, ಅದನ್ನೂ ಬಟ್ಟೆಯಲ್ಲಿ ಒರೆಸಿಬಿಡಿ. ಅಕ್ಷರಗಳ ಹೊಟ್ಟೆಯಲ್ಲಿ ತುಂಬಿಕೊಂಡ ಇಂಕನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಸೂಜಿಯಲ್ಲಿ ಕೆರೆದರೆ ಅಚ್ಚಿನ ಅಂಚು ಹಾಳಾಗುತ್ತದೆ. ಒಳಗೆ ಶಬ್ದ ತಡೆಯಲು ಇಟ್ಟಿದ್ದ ಫೋಮ್ ಪುಡಿಪುಡಿಯಾಗಿದ್ದರೆ ಪೂರ್ತಿ ತೆಗೆದು ತೆಳುವಾದ ಫೆಲ್ಟ್ (ಒತ್ತಿ ಮಾಡಿದ ಉಣ್ಣೆ ಬಟ್ಟೆ) ಅಂಟಿಸಿ.

ರಿಬ್ಬನ್ ಬಗ್ಗೆ ಚಿಂತೆ ಬೇಡ. ಈ ಯಂತ್ರಕ್ಕೆ ಬೇಕಾಗಿರುವುದು ಅರ್ಧ ಇಂಚು ಅಗಲದ ಸಾಮಾನ್ಯ ರಿಬ್ಬನ್. ಹಳೆಯ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿ, ಆನ್‌ಲೈನಿನಲ್ಲೂ ಸಿಗುತ್ತದೆ. ಹೊಸ ರಿಬ್ಬನ್ನಿನ ಸುರುಳಿ ಕೂರದಿದ್ದರೆ ಹಳೆಯ ಸುರುಳಿಗೇ ಸುತ್ತಿಕೊಳ್ಳಿ. ಅದಕ್ಕೇ ಹಳೆಯ ಸುರುಳಿಗಳನ್ನು ಬಿಸಾಡಬಾರದು. ರಿಬ್ಬನ್ನಿನ ಎರಡೂ ತುದಿಯ ಹತ್ತಿರ ಒಂದು ಸಣ್ಣ ಲೋಹದ ಕಣ್ಣು ಇರುತ್ತದೆ. ರಿಬ್ಬನ್ ಮುಗಿದಾಗ ಆ ಕಣ್ಣು ಕೊಕ್ಕೆಗೆ ತಾಗಿ ಓಟದ ದಿಕ್ಕು ತಾನೇ ತಿರುಗುತ್ತದೆ. ರಿಬ್ಬನ್ ಕತ್ತರಿಸಿದ್ದರೆ ಆ ಜಾಗದಲ್ಲಿ ಒಂದು ಗಂಟು ಹಾಕಿ, ಸಾಕು. ಬಣ್ಣ ಬದಲಿಸುವ ಲಿವರ್ ಬಿಳಿ ಗುರುತಿನಲ್ಲಿದ್ದರೆ ಅಕ್ಷರ ಮೂಡುವುದಿಲ್ಲ. ಅದು ಸ್ಟೆನ್ಸಿಲ್, ಅಂದರೆ ಸೈಕ್ಲೋಸ್ಟೈಲ್ ಪ್ರತಿ ತೆಗೆಯುವ ಮೇಣದ ಹಾಳೆ, ಕತ್ತರಿಸಲು ಇರುವುದು. ರಿಬ್ಬನ್ ಹೊಸದು ಹಾಕಿದರೂ ಏನೂ ಬರುತ್ತಿಲ್ಲ ಅನ್ನುವವರು ಮೊದಲು ಅದನ್ನು ನೋಡಿ.

ರೋಲರಿನ ರಬ್ಬರ್ ಇಷ್ಟು ವರ್ಷಕ್ಕೆ ಕಲ್ಲಿನಂತಾಗಿರುತ್ತದೆ. ಅದನ್ನು ಮೆದು ಮಾಡುವ ಔಷಧಿಗಳಿಗೆ ದುಡ್ಡು ಹಾಕಬೇಡಿ. ಟೈಪ್ ಮಾಡುವ ಹಾಳೆಯ ಹಿಂದೆ ಇನ್ನೊಂದು ಹಾಳೆ ಇಡಿ. ಶಬ್ದ ಇಳಿಯುತ್ತದೆ, ಅಚ್ಚೂ ಮಟ್ಟಸವಾಗಿ ಬೀಳುತ್ತದೆ. ಯಂತ್ರದ ಕೆಳಗೆ ಮಡಿಸಿದ ಕಂಬಳಿ ಹಾಸಿದರೆ ರಾತ್ರಿ ಹೊತ್ತೂ ಮನೆಯವರಿಗೆ ತೊಂದರೆಯಿಲ್ಲದೆ ಬರೆಯಬಹುದು. ಕೀಬೋರ್ಡಿನಲ್ಲಿ 1 ಇಲ್ಲದಿದ್ದರೆ ಗಾಬರಿ ಬೇಡ. ಆ ಕಾಲದ ಬಹಳಷ್ಟು ಪೋರ್ಟಬಲ್‌ಗಳಲ್ಲಿ ಸಣ್ಣ ಎಲ್ ಅಕ್ಷರವೇ ಒಂದು.

ಒತ್ತುವ ರೀತಿ ಮಾತ್ರ ಬೇರೆ. ಲ್ಯಾಪ್‌ಟಾಪಿನ ಹಾಗೆ ಸವರಿದರೆ ಅಕ್ಷರ ಮಾಸಲಾಗುತ್ತದೆ. ಕೀ ಚುರುಕಾಗಿ ಹೊಡೆದು ತಕ್ಷಣ ಬಿಡಬೇಕು. ಒಂದು ಸಲ ಮುಚ್ಚಳ ತೆಗೆದಿಟ್ಟು ಒಂದು ಕೀಯನ್ನು ತುಂಬಾ ನಿಧಾನವಾಗಿ ಒತ್ತಿ ನೋಡಿ. ಕಡ್ಡಿ ಏಳುತ್ತದೆ. ಅರ್ಧ ದಾರಿಯಲ್ಲಿ ರಿಬ್ಬನ್ ಹಿಡಿದ ಕವೆ ಮೇಲೆ ಬರುತ್ತದೆ. ಅಚ್ಚು ಕಾಗದ ಮುಟ್ಟುವ ಹೊತ್ತಿಗೆ ಹಿಂದೆ ಒಂದು ಕೊಕ್ಕೆ ಸಡಿಲವಾಗಿ ಕ್ಯಾರೇಜ್ ಒಂದೇ ಒಂದು ಹಲ್ಲಿನಷ್ಟು ಎಡಕ್ಕೆ ಜಾರುತ್ತದೆ. ಇದಕ್ಕೆಲ್ಲ ಶಕ್ತಿ ನಿಮ್ಮದೇ. ಸಾಲು ಮುಗಿದು ಬೆಲ್ ಹೊಡೆದ ಮೇಲೆ ಕ್ಯಾರೇಜನ್ನು ಬಲಕ್ಕೆ ತಳ್ಳುತ್ತೀರಲ್ಲ, ಆಗಲೇ ಮುಂದಿನ ಸಾಲಿಗೆ ಬೇಕಾದ ಸ್ಪ್ರಿಂಗ್ ಸುತ್ತಿಕೊಳ್ಳುವುದು. ನನಗೆ ಈ ಯಂತ್ರಗಳ ಮೇಲೆ ಪ್ರೀತಿ ಹುಟ್ಟಿದ್ದು ಇದನ್ನು ಕಣ್ಣಾರೆ ನೋಡಿದ ಮೇಲೆ. ಏನು ನಡೆಯುತ್ತಿದೆ ಅಂತ ಪೂರ್ತಿ ಕಾಣುವ ಯಂತ್ರಗಳು ಈಗ ನಮ್ಮ ಮನೆಗಳಲ್ಲಿ ಎಷ್ಟಿವೆ ಹೇಳಿ. ಇದಕ್ಕೆ ಕರೆಂಟ್ ಬೇಡ, ಅಪ್‌ಡೇಟ್ ಬೇಡ. ಮಳೆಗೆ ಮರ ಬಿದ್ದು ಲೈನ್ ಹೋದರೂ ಕಾಗದ ಬರೆಯಬಹುದು. ಬರೆಯುವಾಗ ಮಧ್ಯೆ ಯಾವ ಮೆಸೇಜೂ ಬರುವುದಿಲ್ಲ. ಅಳಿಸುವುದು ಕಷ್ಟ, ಹಾಗಾಗಿ ವಾಕ್ಯ ತಲೆಯಲ್ಲಿ ಕೂತ ಮೇಲೆಯೇ ಕೈ ಹಾಕುತ್ತೇವೆ. ನನ್ನ ಬರವಣಿಗೆಗೆ ಇದರಿಂದ ತುಂಬಾ ಒಳ್ಳೆಯದಾಗಿದೆ.

ಮಳೆಗಾಲದ ಮಾತು ಬಂತಲ್ಲ, ಆ ನೀಲಿ ಚೀಲ ಚೆಂದ ಇದೆ ಅಂತ ಯಂತ್ರವನ್ನು ಅದರೊಳಗೇ ಮುಚ್ಚಿಡಬೇಡಿ. ಚೀಲ ತೇವ ಹಿಡಿದಿಟ್ಟುಕೊಂಡು ಬೂಷ್ಟು ಕಟ್ಟುತ್ತದೆ. ಚೀಲವನ್ನು ಬಿಸಿಲಿಗೆ ಹಾಕಿ ಬೇರೆ ಇಡಿ. ಯಂತ್ರಕ್ಕೆ ಒಂದು ಹತ್ತಿ ಬಟ್ಟೆ ಹೊದಿಸಿ, ಗಾಳಿಯಾಡುವ ಮೇಜಿನ ಮೇಲಿಡಿ. ಬೀರುವಿನಲ್ಲೇ ಇಡಬೇಕಾದರೆ ನಮ್ಮ ಕಡೆ ಬಟ್ಟೆಗೆ ಮಾಡುವ ಹಾಗೆ ಒಳಗೊಂದು ಸಣ್ಣ ಬಲ್ಬ್ ಉರಿಸಿ, ಬಟ್ಟೆ ಕಾಗದ ಅದಕ್ಕೆ ತಾಗದಂತೆ ನೋಡಿಕೊಳ್ಳಿ. ತೇವ ಹೀರುವ ಸಿಲಿಕಾ ಜೆಲ್ ಇಟ್ಟರೆ ಆಗಾಗ ಒಣಗಿಸಬೇಕು, ಇಲ್ಲದಿದ್ದರೆ ಸುಮ್ನೆ.

ಕನ್ನಡ ಪೋರ್ಟಬಲ್ ಕೇಳಿದವರಿಗೆ: ಕನ್ನಡ ಟೈಪ್‌ರೈಟರಿನ ಕೀಲಿಮಣೆ ರೂಪಿಸಿದವರು ಅನಂತ ಸುಬ್ಬರಾವ್ ಅವರು. ಆದರೆ ಕನ್ನಡದಲ್ಲಿ ನಮಗೆ ಹೆಚ್ಚಾಗಿ ಕಾಣಸಿಗುವುದು ಕಚೇರಿ ಮತ್ತು ಟೈಪಿಂಗ್ ಇನ್‌ಸ್ಟಿಟ್ಯೂಟಿನ ದೊಡ್ಡ ಯಂತ್ರಗಳೇ. ಒತ್ತಕ್ಷರಕ್ಕೆ ಒತ್ತಿದರೂ ಕ್ಯಾರೇಜ್ ಮುಂದೆ ಹೋಗದ ಕೀಗಳು ಅವುಗಳಲ್ಲಿ ಇರುತ್ತವೆ, ಅದನ್ನು ನೋಡುವುದೇ ಒಂದು ಖುಷಿ. ಕನ್ನಡ ಪೋರ್ಟಬಲ್ ಯಾರಿಗಾದರೂ ಸಿಕ್ಕರೆ ದಯವಿಟ್ಟು ಗುಜರಿಗೆ ಹೋಗಲು ಬಿಡಬೇಡಿ. ಇಂಗ್ಲಿಷ್ ಪೋರ್ಟಬಲ್‌ಗಳಿಗಾದರೆ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ತೋಟದ ಬಂಗಲೆಗಳೇ ಒಳ್ಳೆಯ ಜಾಗ. ಕಾಫಿ ಬೋರ್ಡಿನ ಪೂಲ್ (ಬೆಳೆದ ಕಾಫಿಯನ್ನು ಬೋರ್ಡಿಗೇ ಕೊಡಬೇಕಿದ್ದ ಪದ್ಧತಿ) ಇದ್ದ ಕಾಲದಲ್ಲಿ ಬೋರ್ಡಿಗೆ, ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿಗೆ, ಬ್ಯಾಂಕಿಗೆ ಕಾಗದ ಹೋಗುತ್ತಲೇ ಇರಬೇಕಿತ್ತು. ತೋಟದ ಗುಮಾಸ್ತರಾದ ರೈಟರ ಮೇಜಿನ ಮೇಲೆ ದೊಡ್ಡ ಯಂತ್ರ, ಮಾಲೀಕರ ಕೋಣೆಯಲ್ಲಿ ಪೋರ್ಟಬಲ್.

ಹಾಗಂತ ಸಿಕ್ಕಿದ್ದನ್ನೆಲ್ಲ ಕೊಳ್ಳಬೇಡಿ. ಸರದಿಯಂತೆ ಟೈಪ್ ಮಾಡಲು ಆಗುವಷ್ಟನ್ನು ಮಾತ್ರ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಇನ್ನೊಂದು ಬೇಕೆನಿಸಿದರೆ ಬೇರೆ ಗುಣದ್ದನ್ನು ಹುಡುಕಿ. 1935ರಲ್ಲಿ ಬಂದ ಸ್ವಿಸ್ ಹರ್ಮಿಸ್ ಬೇಬಿ ತೀರಾ ಚಪ್ಪಟೆ, ಬಸ್ಸಿನಲ್ಲಿ ತೊಡೆ ಮೇಲೆ ಕೂರುತ್ತದೆ. ಜರ್ಮನಿಯ ಒಲಿಂಪಿಯಾ ಎಸ್‌ಎಂ ಸರಣಿ ಭಾರ, ಆದರೆ ಅಚ್ಚು ಬಲು ಚೊಕ್ಕ. ಕೊಳ್ಳುವ ಮೊದಲು ಒಂದು ಹಾಳೆ ಜೊತೆಗೆ ಒಯ್ಯಿರಿ. ಎಲ್ಲ ಕೀ ಒತ್ತಿ, ದೊಡ್ಡಕ್ಷರ ಸಣ್ಣಕ್ಷರ ಒಂದೇ ಸಾಲಿನಲ್ಲಿ ಕೂರುತ್ತವಾ ನೋಡಿ. ಹತ್ತು ಅಕ್ಷರ ಹೊಡೆದು ಸ್ಕೇಲ್ ಇಡಿ. ಸರಿಯಾಗಿ ಒಂದು ಇಂಚು ಬಂದರೆ ಅದು ಪೈಕಾ. ಇಂಚಿನಲ್ಲಿ ಹನ್ನೆರಡು ಅಕ್ಷರ ಹಿಡಿಸಿದರೆ ಎಲೀಟ್. ಉದ್ದ ಕಾಗದ ಬರೆಯುವವರಿಗೆ ಎಲೀಟ್ ಒಳ್ಳೆಯದು. ಹೊಳೆಯುವ ಹೊಸ ಬಣ್ಣ ಬಳಿದಿದ್ದರೆ ಜಾಸ್ತಿ ದುಡ್ಡು ಕೊಡಬೇಡಿ, ಬಣ್ಣದ ಕೆಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ.

ತಿಕ್ಕಿದ ಮೇಲೂ ನಿಮ್ಮ ಲೆಟೆರಾ ಮಾತು ಕೇಳದಿದ್ದರೆ ಹಾಸನದ ಕೋರ್ಟು, ತಾಲ್ಲೂಕು ಕಚೇರಿ ಸುತ್ತಮುತ್ತ ಟೈಪ್ ಮಾಡಿಕೊಡುತ್ತಿದ್ದ ಹಿರಿಯರನ್ನು, ಹಳೆಯ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರನ್ನು ವಿಚಾರಿಸಿ. ಅವರ ಯಂತ್ರ ನೋಡುತ್ತಿದ್ದ ಮೆಕ್ಯಾನಿಕ್ ಯಾರು ಅಂತ ಅವರಿಗೆ ಗೊತ್ತಿರುತ್ತದೆ. ಗೋದ್ರೆಜ್, ರೆಮಿಂಗ್ಟನ್ ಆಫೀಸ್ ಯಂತ್ರಗಳನ್ನು ಬಿಚ್ಚಿ ಅಭ್ಯಾಸ ಇರುವ ಕೈಗೆ ಪೋರ್ಟಬಲ್ ಅರ್ಥವಾಗುತ್ತದೆ. ಪಾರ್ಸೆಲ್ ಹಾಕಬೇಡಿ, ನೀವೇ ಒಯ್ಯಿರಿ. ಕ್ಯಾರೇಜ್ ಲಾಕ್ ಮಾಡಿ, ಚೀಲದೊಳಗೆ ಟವೆಲ್ ತುರುಕಿ, ಕಾಲ ಹತ್ತಿರ ಇಟ್ಟುಕೊಳ್ಳಿ.

ಮೊದಲು ಮುಚ್ಚಳ ತೆಗೆದು ಕಡ್ಡಿಗಳ ಬುಡದ ಫೋಟೋ ಒಂದು, ಸೀರಿಯಲ್ ನಂಬರಿನ ಫೋಟೋ ಒಂದು ಇಲ್ಲೇ ಹಾಕಿ. ನಂಬರ್ ನೋಡಿ ಯಾವ ವರ್ಷದ್ದು ಅಂತ ಹುಡುಕಿ ಹೇಳುತ್ತೇನೆ. ರಿಬ್ಬನ್ ಸಿಗದಿದ್ದರೆ ತಿಳಿಸಿ, ನನ್ನ ಹತ್ತಿರ ಹೆಚ್ಚಿಗೆ ಇದೆ, ಚಿಕ್ಕಮಗಳೂರಿಗೆ ಬಂದಾಗ ತೆಗೆದುಕೊಂಡು ಹೋಗಬಹುದು.