ಮುಕ್ತ ತಂತ್ರಾಂಶದ ಜೊತೆ ಹಂಚುವ ಚಿತ್ರ, ಫಾಂಟ್, ಆಡಿಯೊ ಫೈಲ್‌ಗಳಿಗೂ ಸೋರ್ಸ್ (ಮೂಲ ರೂಪ) ಕೊಡಬೇಕಾ? ಯಾವುದನ್ನು ಸೋರ್ಸ್ ಅನ್ನಬೇಕು?

ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸ್ ಅಡಿಯಲ್ಲಿ ಹಂಚುತ್ತಿದ್ದರೆ ಕೊಡಬೇಕು. ಯಾವುದು ಸೋರ್ಸ್ ಅನ್ನೋದಕ್ಕೆ ಅದರ 1991ರ ಎರಡನೇ ಆವೃತ್ತಿ, 2007ರ ಮೂರನೇ ಆವೃತ್ತಿ ಎರಡೂ ಹೇಳುವುದು ಒಂದೇ ಮಾತು: ಬದಲಾವಣೆ ಮಾಡಲು ಜನ ಯಾವ ರೂಪವನ್ನು ಆರಿಸಿಕೊಳ್ಳುತ್ತಾರೋ ಅದು.

ಫೈಲ್ ಬೈನರಿಯೋ (ನೇರವಾಗಿ ಓದಲಾಗದ್ದು) ಪಠ್ಯವೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕ್ಯಾಮೆರಾದಿಂದ ಬಂದ ಜೆಪೆಗ್ ಬೈನರಿಯೇ, ಆದರೂ ಅದೇ ಸೋರ್ಸ್ ಆಗಬಹುದು. ಇನ್ನೊಂದು ಕಡೆ, ಫರ್ಮ್‌ವೇರ್ (ಯಂತ್ರಾಂಶದೊಳಗೆ ಓಡುವ ತಂತ್ರಾಂಶ) ಒಂದನ್ನು ಸಾಲು ಸಾಲು ಹೆಕ್ಸ್ ಅಂಕಿಗಳಾಗಿ ಸಿ ಭಾಷೆಯ ಫೈಲಿನಲ್ಲಿ ತುಂಬಿಟ್ಟರೆ ನೋಡಲು ಕೋಡ್ ಥರವೇ ಇರುತ್ತದೆ, ಆದರೆ ಅದನ್ನು ಕೈಯಿಂದ ಯಾರು ತಿದ್ದುತ್ತಾರೆ? ಗಾತ್ರ ಇಳಿಸಲು ಖಾಲಿ ಜಾಗ ತೆಗೆದು, ಹೆಸರುಗಳನ್ನು ಚಿಕ್ಕದಾಗಿಸಿ ಕುಗ್ಗಿಸಿದ ಜಾವಾಸ್ಕ್ರಿಪ್ಟ್ ಕಥೆಯೂ ಇಷ್ಟೇ.

ಐಕಾನನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದು ಪಿಎನ್‌ಜಿ ಮಾಡಿದ್ದರೆ ಎಸ್‌ವಿಜಿ ಕೊಡಿ. ಗಿಂಪ್‌ನಲ್ಲಾದರೆ ಲೇಯರ್‌ಗಳಿರುವ ಎಕ್ಸ್‌ಸಿಎಫ್. ಫಾಂಟ್‌ಗೆ ಫಾಂಟ್‌ಫೋರ್ಜ್ ಫೈಲ್, ಹಾಡಿಗೆ ಬೇರೆ ಬೇರೆ ಟ್ರ್ಯಾಕ್‌ಗಳಿರುವ ಪ್ರಾಜೆಕ್ಟ್.

ಮೂಲ ಫೈಲ್ ಕಳೆದೇ ಹೋಗಿದ್ದರೆ? ಲೇಖಕರೇ ಈಗ ಪಿಎನ್‌ಜಿಯನ್ನೇ ತಿದ್ದುತ್ತಿದ್ದರೆ ಅದನ್ನೇ ಸೋರ್ಸ್ ಅನ್ನಬಹುದು ಅಂತ ನನ್ನ ಅಭಿಪ್ರಾಯ. ನಿಮ್ಮ ಹತ್ತಿರ ಇಟ್ಟುಕೊಂಡು ಕೊಡದೆ ಇದ್ದರೆ ಮಾತ್ರ ಈ ನೆಪ ನಡೆಯಲ್ಲ.

ತರಬೇತಿ ಪಡೆದ ನ್ಯೂರಲ್ ಮಾಡೆಲ್‌ಗಳ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ವೇಯ್ಟ್‌ಗಳನ್ನೇ (ತರಬೇತಿಯಲ್ಲಿ ಮಾಡೆಲ್ ಕಲಿತ ಸಂಖ್ಯೆಗಳು) ಮುಂದುವರಿಸಿ ತರಬೇತಿ ಕೊಡಬಹುದು, ಹಾಗಾಗಿ ಅವೇ ಸಾಕು ಅಂತ ಕೆಲವರು. ತರಬೇತಿಯ ಡೇಟಾ ಇಲ್ಲದೆ ಅದು ಸೋರ್ಸೇ ಅಲ್ಲ ಅಂತ ಉಳಿದವರು.

ಅಂದಹಾಗೆ, ಎಂಐಟಿ, ಬಿಎಸ್‌ಡಿ ಲೈಸೆನ್ಸ್‌ಗಳು ಸೋರ್ಸ್ ಕೊಡಲೇಬೇಕು ಅನ್ನುವುದಿಲ್ಲ. ಆದರೆ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಮುಖ್ಯ ಭಾಗಕ್ಕೆ ಸೇರಬೇಕಾದರೆ ಆಗಲೂ ಸೋರ್ಸ್ ಬೇಕು.