‘ಎಲ್ಲಾ ಮರಕ್ಕೂ ಔಷಧಿ ಹೊಡೆದಿಲ್ಲ’ ಅಂದರೆ ಎಷ್ಟು ಮರ ಬಾಕಿ?

ಅಣ್ಣ, ನಿಮ್ಮ ಪ್ರಶ್ನೆ ನೋಡಿದೆ. ನೀವು ಬೆಂಗಳೂರಲ್ಲಿದ್ದೀರಿ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಮತ್ತು ಸುಣ್ಣ ನೀರಲ್ಲಿ ಬೆರೆಸಿದ ಕೊಳೆರೋಗದ ಔಷಧಿ) ಹೊಡೆಯುವವರಿಂದ ‘ಮಳೆ ಬಂತು, ಎಲ್ಲಾ ಮರಕ್ಕೂ ಔಷಧಿ ಹೊಡೆದಿಲ್ಲ’ ಅಂತ ಮೆಸೇಜ್ ಬಂದಿದೆ. ಒಂದಕ್ಕೂ ಹೊಡೆದಿಲ್ಲವೋ, ಕೆಲವು ಬಾಕಿಯೋ ಅಂತ ಕೇಳಿದ್ದೀರಿ. ಮೇಲೆ ಒಬ್ಬರು ‘ಇದಕ್ಕೆ ಒಂದೇ ಅರ್ಥ, ಒಂದಕ್ಕೂ ಹೊಡೆದಿಲ್ಲ’ ಅಂದಿದ್ದಾರೆ. ನಾನು ಒಪ್ಪುವುದಿಲ್ಲ. ಆ ವಾಕ್ಯಕ್ಕೆ ಎರಡು ಅರ್ಥವೂ ಇದೆ, ಬರೆದವರ ಕನ್ನಡದಲ್ಲಿ ತಪ್ಪೇನಿಲ್ಲ.

ಈ ಮರಕ್ಕೆ ಹೊಡೆದಿಲ್ಲ, ಆ ಮರಕ್ಕೂ ಇಲ್ಲ ಅಂತ ಒಂದೊಂದೇ ತೋರಿಸುತ್ತಾ ತೋಟ ಪೂರ್ತಿ ಸುತ್ತಿದರೆ ಮೊದಲನೇ ಅರ್ಥ. ‘ಎಲ್ಲಾ ಮರಕ್ಕೂ ಆಯ್ತಾ?’ ಅಂದಾಗ ‘ಇಲ್ಲ, ಅಷ್ಟಕ್ಕೂ ಆಗಿಲ್ಲ’ ಅಂದರೆ ಎರಡನೇದು. ಬಾಯಲ್ಲಿ ಹೇಳುವಾಗ ‘ಎಲ್ಲಾ’ ಮೇಲೆ ಒತ್ತು ಬಿದ್ದರೆ ಎರಡನೇದು ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ. ಬರಹದಲ್ಲಿ ಆ ಒತ್ತು ಕಾಣುವುದಿಲ್ಲ. ನಿಮ್ಮ ವಿಷಯದಲ್ಲಿ ಎರಡನೇದೇ ಇರಬೇಕು ಅಂತ ನನಗನ್ನಿಸುತ್ತದೆ. ಏನೂ ಹೊಡೆಯದೆ ಇದ್ದಿದ್ದರೆ ಸುಮ್ನೆ ‘ಔಷಧಿ ಹೊಡೆದಿಲ್ಲ’ ಅನ್ನುತ್ತಿದ್ದರು. ‘ಎಲ್ಲಾ ಮರಕ್ಕೂ’ ಅಂತ ಸೇರಿಸುವ ಅಗತ್ಯ ಇರಲಿಲ್ಲ ಅಲ್ವಾ? ಆದರೂ ಇದು ಊಹೆ, ಇದನ್ನೇ ನಂಬಿ ಮೈಲುತುತ್ತ ತರಿಸಬೇಡಿ.

ಲೆಕ್ಕ ಬಂದರೆ ಗೋಜಲು ಇನ್ನೂ ಜಾಸ್ತಿ. ‘50 ಮರಕ್ಕೆ ಹೊಡೆದಿಲ್ಲ’ ಅಂದರೆ 50 ಬಾಕಿ ಅಂತಲೂ ಆಗುತ್ತದೆ, ಹೊಡೆದದ್ದು 50 ತುಂಬಲಿಲ್ಲ ಅಂತಲೂ ಆಗುತ್ತದೆ. 500 ಮರದ ತೋಟದಲ್ಲಿ ಇವೆರಡಕ್ಕೂ ಎಲ್ಲಿಂದೆಲ್ಲಿಗೆ! ‘50 ಮರಕ್ಕೂ’ ಅಂತ ‘ಊ’ ಸೇರಿಸಿದರೂ ಬಿಡಿಸಿಕೊಳ್ಳುವುದಿಲ್ಲ. 50ರಷ್ಟೂ ಆಗಿಲ್ಲವೋ, ಆ 50ರಲ್ಲಿ ಒಂದಕ್ಕೂ ಆಗಿಲ್ಲವೋ?

ಇಂಥ ವಾಕ್ಯಗಳ ಮೇಲೆ ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಅನ್ನುವ ಭಾಷಾವಿಜ್ಞಾನಿಗಳ ಅಧ್ಯಯನವೊಂದು 2002ರಲ್ಲಿ ಬಂತು. ಕನ್ನಡ ಮತ್ತು ಇಂಗ್ಲಿಷ್ ಮಾತಾಡುವ ಚಿಕ್ಕ ಮಕ್ಕಳನ್ನೂ ದೊಡ್ಡವರನ್ನೂ ಅವರು ಪರೀಕ್ಷಿಸಿದರು. ‘ಎರಡು ಹಕ್ಕಿ ಹಿಡಿಯಲಿಲ್ಲ’ ಅನ್ನುವ ಥರದ ಮಾತಿಗೆ ದೊಡ್ಡವರು ಎರಡು ಅರ್ಥವನ್ನೂ ಒಪ್ಪಿದರು. ನಾಲ್ಕು ವರ್ಷದ ಮಕ್ಕಳು ಹೆಚ್ಚಾಗಿ ‘ಹಿಡಿದದ್ದು ಎರಡಾಗಲಿಲ್ಲ’ ಅನ್ನುವುದನ್ನೇ ಹಿಡಿದರು. ಇಂಗ್ಲಿಷಿನಲ್ಲಿ ‘ಇಲ್ಲ’ ಅನ್ನುವ ಪದ ಎಣಿಕೆಗಿಂತ ಮೊದಲೇ ಬರುತ್ತದೆ, ನಮ್ಮಲ್ಲಿ ಕೊನೆಗೆ. ಆದರೂ ಎರಡೂ ಕಡೆಯ ಮಕ್ಕಳು ಒಂದೇ ದಾರಿ ಹಿಡಿದರು. ಹಾಗಾಗಿ ‘ಮೊದಲು ಬಂದ ಪದವೇ ಅರ್ಥ ತೀರ್ಮಾನಿಸುತ್ತದೆ’ ಅನ್ನುವ ಸುಲಭದ ಸೂತ್ರ ಇಲ್ಲಿ ನಡೆಯುವುದಿಲ್ಲ.

ಗೊಂದಲ ಇಲ್ಲದೆ ಬರೆಯುವ ದಾರಿ ನಮ್ಮ ಮಾತಲ್ಲೇ ಇದೆ. ‘ಯಾವ ಮರಕ್ಕೂ ಹೊಡೆದಿಲ್ಲ’, ‘ಒಂದು ಮರಕ್ಕೂ ಹೊಡೆದಿಲ್ಲ’ ಅಂದರೆ ಸೊನ್ನೆ, ಅನುಮಾನವೇ ಬೇಡ. ‘ಕೆಲವು ಮರಕ್ಕೆ ಹೊಡೆದಿಲ್ಲ’ ಅಂದರೆ ಕೆಲವು ಬಾಕಿ, ಅಷ್ಟೇ. ‘ಹೊಡೆದದ್ದು ಎಲ್ಲಾ ಮರಕ್ಕಲ್ಲ’ ಅನ್ನುವುದೂ ಚೆನ್ನಾಗಿದೆ, ಯಾಕೆಂದರೆ ಅಲ್ಲಿ ‘ಅಲ್ಲ’ ನೇರವಾಗಿ ‘ಎಲ್ಲಾ’ ಅನ್ನುವುದನ್ನೇ ಹಿಡಿಯುತ್ತದೆ. ಲೆಕ್ಕ ಹೇಳುವಾಗ ‘ಹೊಡೆಯದ ಮರ 50’ ಅಂತ ತಿರುಗಿಸಿ ಬರೆದರೆ ಮುಗಿಯಿತು. ‘ತುಂಬಾ ಮರಕ್ಕೆ ಹೊಡೆದಿಲ್ಲ’ ಮಾತ್ರ ಬೇಡವೇ ಬೇಡ. ಅದೂ ‘ಎಲ್ಲಾ’ ಜಾತಿಯದೇ.

ಈಗ ನಿಮ್ಮ ಕೆಲಸ. ಫೋನ್ ಮಾಡಿ ‘ಎಲ್ಲಾ ಮರಕ್ಕೂ ಹೊಡೆದಿಲ್ವಾ?’ ಅಂತ ಕೇಳಬೇಡಿ. ಅದಕ್ಕೆ ‘ಹೂಂ’ ಅಂದರೂ, ‘ಇಲ್ಲ’ ಅಂದರೂ ನೀವು ಇದ್ದಲ್ಲೇ ಇರುತ್ತೀರಿ. ‘ಎಷ್ಟು ಮರ ಬಾಕಿ, ಯಾವ ಸಾಲಿಂದ?’ ಅಂತ ಕೇಳಿ. ಅವರಿಗೂ ಸರಿಯಾಗಿ ನೆನಪಿಲ್ಲದಿದ್ದರೆ ಗೊನೆ ನೋಡಲು ಹೇಳಿ, ಹೊಡೆದು ಒಣಗಿದ್ದರೆ ತಿಳಿನೀಲಿ ಗುರುತು ಕೂತಿರುತ್ತದೆ. ಒಣಗುವ ಮುಂಚೆಯೇ ಮಳೆಗೆ ತೊಳೆದು ಹೋಗಿದ್ದರೆ ಆ ಮರಗಳನ್ನೂ ಬಾಕಿಗೇ ಸೇರಿಸಿ. ಆಮೇಲೆ ಬಾಕಿ ಇರುವಷ್ಟಕ್ಕೆ ಮಾತ್ರ ಬೆರೆಸಲಿ, 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಮಳೆ ಬಂದ ದಿನ ಬೆರೆಸಿ ಉಳಿದದ್ದು ಡ್ರಮ್ಮಿನಲ್ಲಿದ್ದರೆ ಅದನ್ನು ಬಳಸುವುದು ಬೇಡ. ಬೋರ್ಡೋ ಆವತ್ತಿನದು ಆವತ್ತೇ ಮುಗಿಯಬೇಕು.